ಅಟ್ಲಾಂಟಾದಲ್ಲಿ ಪೇಪರ್ ಬರುವುದು ನಿಂತಿತು, ಪತ್ರಿಕೆ ಮುಚ್ಚಿತೇ?

2025ರ ಡಿಸೆಂಬರ್ 31ರಂದು ಅಮೆರಿಕದ 'ಅಟ್ಲಾಂಟಾ ಜರ್ನಲ್-ಕಾನ್‌ಸ್ಟಿಟ್ಯೂಷನ್' ಪತ್ರಿಕೆಯ ಕೊನೆಯ ಮುದ್ರಿತ ಸಂಚಿಕೆ ಹೊರಬಂತು. ಮರುದಿನ ಹೊಸ ವರ್ಷ. ಬಾಗಿಲ ಮುಂದೆ ಪೇಪರ್ ಇಲ್ಲ. ಈ ಸುದ್ದಿಯನ್ನು ಜನ ಎರಡು ರೀತಿಯಲ್ಲಿ ಅರ್ಥಮಾಡಿಕೊಂಡರು. 157 ವರ್ಷದ ಪತ್ರಿಕೆ ಮುಚ್ಚಿಹೋಯಿತು ಎಂದು ಕೆಲವರು ಮರುಗಿದರು. ಮುಚ್ಚಿಲ್ಲ, ಮೊಬೈಲಿಗೆ ಬಂದಿದೆ, ಇದಕ್ಕೇನು ಇಷ್ಟು ಗಲಾಟೆ ಎಂದು ಇನ್ನು ಕೆಲವರು ಕೇಳಿದರು.

ಎರಡನೆಯವರ ಮಾತು ಲೆಕ್ಕಕ್ಕೆ ಸರಿ. ಆದರೆ ಆ ಊರಿನಲ್ಲಿ ಪೇಪರ್ ಯಾವ ಕೆಲಸ ಮಾಡುತ್ತಿತ್ತು ಎಂದು ನೋಡಿದರೆ ಗಲಾಟೆಗೂ ಕಾರಣವಿದೆ ಅನ್ನಿಸುತ್ತದೆ.

ನಿಂತದ್ದು ಯಾವುದು, ಉಳಿದದ್ದು ಯಾವುದು

ಸುದ್ದಿಮನೆ ಮುಚ್ಚಿಲ್ಲ. ವರದಿಗಾರರು, ವೆಬ್‌ಸೈಟ್, ಆ್ಯಪ್, ಪಾಡ್‌ಕಾಸ್ಟ್ ಎಲ್ಲವೂ ಇವೆ. ಹಳೆಯ ರೀತಿಯಲ್ಲೇ ಪುಟ ಜೋಡಿಸಿದ ಇ-ಪೇಪರ್ ಕೂಡ ಇದೆ. ನಿಂತದ್ದು ಅಚ್ಚು ಹಾಕುವುದು, ಕಟ್ಟು ಕಟ್ಟುವುದು, ರಾತ್ರೋರಾತ್ರಿ ವಾಹನದಲ್ಲಿ ಸಾಗಿಸಿ ಮನೆಮನೆಗೆ ಹಾಕುವುದು.

ಈ ತೀರ್ಮಾನವನ್ನು ಪ್ರಕಾಶಕ ಆ್ಯಂಡ್ರೂ ಮೋರ್ಸ್ 2025ರ ಆಗಸ್ಟ್‌ನಲ್ಲೇ ಹೇಳಿದ್ದರು. ಆಗ ಪತ್ರಿಕೆಗೆ ಸುಮಾರು 1,15,000 ಚಂದಾದಾರರಿದ್ದರು. ಅದರಲ್ಲಿ ಸುಮಾರು 75,000 ಜನ ಬರೀ ಡಿಜಿಟಲ್ ಓದುಗರು. ಅಂದರೆ ಪೇಪರ್ ತರಿಸುತ್ತಿದ್ದವರು ಸುಮಾರು 40,000. ಅಟ್ಲಾಂಟಾ ಮಹಾನಗರ ಪ್ರದೇಶದ ಜನಸಂಖ್ಯೆ 60 ಲಕ್ಷಕ್ಕಿಂತ ಜಾಸ್ತಿ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು, ಮಾಲೀಕರ ತಲೆಯಲ್ಲಿ ಏನು ಓಡುತ್ತಿತ್ತು ಎಂದು ಊಹಿಸಬಹುದು.

ಅದೇ ವರ್ಷದ ಫೆಬ್ರುವರಿಯಲ್ಲಿ ನ್ಯೂಜೆರ್ಸಿಯಲ್ಲಿ ಎರಡು ಘಟನೆ ನಡೆದಿದ್ದವು. ನೂವಾರ್ಕ್‌ನ 'ಸ್ಟಾರ್-ಲೆಜರ್' ಮುದ್ರಣ ನಿಲ್ಲಿಸಿ ಆನ್‌ಲೈನ್‌ನಲ್ಲಿ ಮುಂದುವರಿಯಿತು. ಪಕ್ಕದ 'ಜೆರ್ಸಿ ಜರ್ನಲ್' ಪೂರ್ತಿಯಾಗಿಯೇ ಬಾಗಿಲು ಹಾಕಿತು. ಸುದ್ದಿಯಲ್ಲಿ ಇವೆರಡೂ ಒಂದೇ ರೀತಿ ಕಾಣುತ್ತವೆ. ಅಟ್ಲಾಂಟಾದ್ದು ಮೊದಲನೆಯ ಜಾತಿಗೆ ಸೇರಿದ ಸುದ್ದಿ.

ಊರಿಗೆ ಹೆಸರು ತಂದುಕೊಟ್ಟ ಸಂಪಾದಕ

ಅಟ್ಲಾಂಟಾದ ಹೆಸರಾಂತ ನಿವಾಸಿಗಳ ಪಟ್ಟಿ ಮಾಡಿದರೆ ಅದರಲ್ಲಿ ಪತ್ರಿಕೆಯವರು ಅಥವಾ ಪತ್ರಿಕೆಯಿಂದ ಬೆಳೆದವರು, ನೊಂದವರು ಆಶ್ಚರ್ಯವಾಗುವಷ್ಟು ಸಿಗುತ್ತಾರೆ. ಆರಂಭ ಹೆನ್ರಿ ಗ್ರೇಡಿಯಿಂದ.

'ಕಾನ್‌ಸ್ಟಿಟ್ಯೂಷನ್' ಶುರುವಾದದ್ದು 1868ರಲ್ಲಿ. ಅದಕ್ಕೆ 4 ವರ್ಷ ಮೊದಲು ಅಂತರ್ಯುದ್ಧದಲ್ಲಿ ಅಟ್ಲಾಂಟಾ ಸುಟ್ಟುಹೋಗಿತ್ತು. 1880ರಲ್ಲಿ ಗ್ರೇಡಿ ಈ ಪತ್ರಿಕೆಯ ಆಡಳಿತ ಸಂಪಾದಕರೂ ಪಾಲುದಾರರೂ ಆದರು. ದಕ್ಷಿಣದ ರಾಜ್ಯಗಳು ಹತ್ತಿಯನ್ನೇ ನಂಬಿ ಕೂರಬಾರದು, ಕಾರ್ಖಾನೆ ಬರಬೇಕು, ಉತ್ತರದವರ ಬಂಡವಾಳ ಬೇಕು ಎನ್ನುವುದು ಅವರ ಮಂತ್ರ. 1886ರಲ್ಲಿ ನ್ಯೂಯಾರ್ಕಿಗೆ ಹೋಗಿ 'ಹೊಸ ದಕ್ಷಿಣ'ದ ಬಗ್ಗೆ ಭಾಷಣ ಮಾಡಿ ಬಂದರು. ಅಟ್ಲಾಂಟಾವನ್ನು ಹೂಡಿಕೆದಾರರ ಮುಂದೆ ಮಾರಿದ ಮೊದಲ ಸೇಲ್ಸ್‌ಮನ್ ಎಂದರೆ ಇವರೇ. 1889ರಲ್ಲಿ 39ನೇ ವಯಸ್ಸಿಗೇ ತೀರಿಕೊಂಡರು. ನಗರದ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಇವತ್ತಿಗೂ ಅವರದೇ ಹೆಸರು.

ಆದರೆ ಆ ಹೊಸ ದಕ್ಷಿಣದಲ್ಲಿ ಅಧಿಕಾರ ಬಿಳಿಯರ ಕೈಯಲ್ಲೇ ಇರಬೇಕು ಎಂದು ಗ್ರೇಡಿ ಮುಚ್ಚುಮರೆ ಇಲ್ಲದೆ ಹೇಳುತ್ತಿದ್ದರು. ಅದೇ ಕಾರಣಕ್ಕೆ 2021ರಲ್ಲಿ ಒಂದು ಹೈಸ್ಕೂಲಿನಿಂದ ಅವರ ಹೆಸರನ್ನು ತೆಗೆಯಲಾಯಿತು. ಆಸ್ಪತ್ರೆಯಲ್ಲಿ ಹೆಸರು ಉಳಿದಿದೆ, ಶಾಲೆಯಲ್ಲಿ ಹೋಗಿದೆ. ಊರಿಗೆ ತನ್ನ ಪತ್ರಿಕೆಯ ಮೇಲಿರುವ ಭಾವನೆಯೂ ಹೆಚ್ಚುಕಡಿಮೆ ಹೀಗೇ, ಅರ್ಧರ್ಧ.

ಗ್ರೇಡಿಯವರ ಜೊತೆ ಅದೇ ಕಚೇರಿಯಲ್ಲಿ ಕೆಲಸ ಮಾಡಿದ ಜೋಯಲ್ ಚಾಂಡ್ಲರ್ ಹ್ಯಾರಿಸ್ ಹುಡುಗನಾಗಿದ್ದಾಗ ಒಂದು ಪ್ಲಾಂಟೇಷನ್‌ನಲ್ಲೇ, ಅಂದರೆ ಗುಲಾಮರು ದುಡಿಯುತ್ತಿದ್ದ ದೊಡ್ಡ ತೋಟದಲ್ಲೇ, ಅಚ್ಚಾಗುತ್ತಿದ್ದ ಪತ್ರಿಕೆಯಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಅಲ್ಲಿನ ಗುಲಾಮರ ಬಾಯಿಂದ ಕೇಳಿದ ಮೊಲ, ನರಿಯ ಕಥೆಗಳನ್ನು ಮುಂದೆ 'ಕಾನ್‌ಸ್ಟಿಟ್ಯೂಷನ್'ನಲ್ಲಿ ಬರೆದು ಲೋಕಪ್ರಸಿದ್ಧರಾದರು. ಕಥೆ ಹೇಳಿದವರ ಹೆಸರು ಯಾರಿಗೂ ಗೊತ್ತಾಗಲಿಲ್ಲ. 1883ರಲ್ಲಿ ಹುಟ್ಟಿದ ಪ್ರತಿಸ್ಪರ್ಧಿ 'ಜರ್ನಲ್' ಪತ್ರಿಕೆಯಲ್ಲಿ 1920ರ ದಶಕದಲ್ಲಿ ಪೆಗಿ ಮಿಚೆಲ್ ಎಂಬ ಯುವತಿ ಭಾನುವಾರದ ಪುರವಣಿಗೆ ಬರೆಯುತ್ತಿದ್ದರು. ಮುಂದೆ ಕಾದಂಬರಿಕಾರ್ತಿಯಾಗಿ ಹೆಸರು ಮಾಡಿದ ಮಾರ್ಗರೆಟ್ ಮಿಚೆಲ್ ಇವರೇ.

1906: ಹೆಡ್‌ಲೈನ್ ಹಚ್ಚಿದ ಬೆಂಕಿ

ಮುದ್ರಿತ ಪತ್ರಿಕೆಯ ಕಾಲ ಎಂದರೆ ಸುವರ್ಣಯುಗ ಎಂದು ಕೊರಗುವವರು ಒಮ್ಮೆ 1906ರ ಅಟ್ಲಾಂಟಾ ನೋಡಬೇಕು.

ಆ ವರ್ಷ ಅಟ್ಲಾಂಟಾ ಇರುವ ಜಾರ್ಜಿಯಾ ರಾಜ್ಯದ ಗವರ್ನರ್ ಸ್ಥಾನಕ್ಕೆ ಇಬ್ಬರು ಬಡಿದಾಡುತ್ತಿದ್ದರು. ಹೋಕ್ ಸ್ಮಿತ್ 'ಜರ್ನಲ್'ನ ಹಿಂದಿನ ಮಾಲೀಕ. ಕ್ಲಾರ್ಕ್ ಹೊವೆಲ್ 'ಕಾನ್‌ಸ್ಟಿಟ್ಯೂಷನ್'ನ ಸಂಪಾದಕ. ಕಪ್ಪು ಜನರ ಮತದಾನದ ಹಕ್ಕನ್ನು ಕಿತ್ತುಕೊಳ್ಳುವುದರಲ್ಲಿ ಯಾರು ಹೆಚ್ಚು ಗಟ್ಟಿ ಎನ್ನುವುದೇ ಚುನಾವಣೆಯ ವಿಷಯವಾಗಿತ್ತು. ಜೊತೆಗೆ ಸಂಜೆ ಪತ್ರಿಕೆಗಳ ನಡುವೆ ಪ್ರತಿ ಮಾರುವ ಪೈಪೋಟಿ. ಸೆಪ್ಟೆಂಬರ್ 22, ಶನಿವಾರ. ಕಪ್ಪು ಗಂಡಸರು ಬಿಳಿ ಹೆಂಗಸರ ಮೇಲೆ ದಾಳಿ ಮಾಡಿದರು ಎಂಬ, ಆಧಾರವಿಲ್ಲದ ವರದಿಗಳನ್ನು ಹೊತ್ತ ವಿಶೇಷ ಸಂಚಿಕೆಗಳು ಒಂದರ ಹಿಂದೆ ಒಂದು ಬೀದಿಗೆ ಬಂದವು. ರಾತ್ರಿಯ ಹೊತ್ತಿಗೆ ಸಾವಿರಾರು ಬಿಳಿಯರ ಗುಂಪು ಕೈಗೆ ಸಿಕ್ಕ ಕಪ್ಪು ಜನರನ್ನೆಲ್ಲ ಹೊಡೆಯಲು ಶುರುಮಾಡಿತು. ಕೆಲವು ದಿನ ನಡೆದ ಹಿಂಸೆಯಲ್ಲಿ ಕನಿಷ್ಠ 25 ಕಪ್ಪು ಜನ ಸತ್ತರು.

'ವಾಯ್ಸ್ ಆಫ್ ದ ನೀಗ್ರೋ' ಎಂಬ ಮಾಸಪತ್ರಿಕೆಯ ಸಂಪಾದಕ ಮ್ಯಾಕ್ಸ್ ಬಾರ್ಬರ್, ಗಲಭೆಗೆ ಕಾರಣ ರಾಜಕಾರಣಿಗಳು ಮತ್ತು ಪತ್ರಿಕೆಗಳು ಎಂದು ನ್ಯೂಯಾರ್ಕಿನ ಪತ್ರಿಕೆಗೆ ಬರೆದರು. ಅದಾದ ಮೇಲೆ ಅವರು ಊರು ಬಿಟ್ಟು ಶಿಕಾಗೋಗೆ ಓಡಬೇಕಾಯಿತು. ಹೋಕ್ ಸ್ಮಿತ್ ಗವರ್ನರ್ ಆದರು. 1908ರಲ್ಲಿ ರಾಜ್ಯದ ಸಂವಿಧಾನವನ್ನೇ ತಿದ್ದಿ ಬಹುಪಾಲು ಕಪ್ಪು ಜನರ ಮತದ ಹಕ್ಕನ್ನು ಇಲ್ಲವಾಗಿಸಲಾಯಿತು. ಪತ್ರಿಕೆಯ ಪ್ರಸಾರ ಹೆಚ್ಚಿದ್ದಷ್ಟಕ್ಕೇ ಊರಿಗೆ ಒಳ್ಳೆಯದಾಗುವುದಿಲ್ಲ ಎಂದು ತಿಳಿಯಲು ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಇನ್ನೊಂದು ಬೀದಿಯ ಪತ್ರಿಕೆಗಳು

ಹೀಗಾಗಿ ಅಟ್ಲಾಂಟಾದ ಪತ್ರಿಕಾ ಇತಿಹಾಸ ಎಂದರೆ ಬರೀ ಜರ್ನಲ್ ಮತ್ತು ಕಾನ್‌ಸ್ಟಿಟ್ಯೂಷನ್ ಕಥೆಯಲ್ಲ. ಕಪ್ಪು ಜನರ ವ್ಯಾಪಾರ ವಹಿವಾಟಿನ ಕೇಂದ್ರವಾಗಿದ್ದ ಆಬರ್ನ್ ಅವೆನ್ಯೂದಲ್ಲಿ ಇನ್ನೊಂದು ಕಥೆ ಇದೆ. ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ ಮನೆಯೂ ಇದೇ ಬೀದಿಯಲ್ಲಿದೆ.

1928ರಲ್ಲಿ ವಿಲಿಯಂ ಅಲೆಗ್ಸಾಂಡರ್ ಸ್ಕಾಟ್ ಎಂಬ ಯುವಕ ಇಲ್ಲಿ ಒಂದು ವಾರಪತ್ರಿಕೆ ಆರಂಭಿಸಿದರು. 1932ರಲ್ಲಿ ಅದು ದಿನಪತ್ರಿಕೆಯಾಗಿ 'ಅಟ್ಲಾಂಟಾ ಡೈಲಿ ವರ್ಲ್ಡ್' ಎಂದು ಹೆಸರಾಯಿತು. ಕಪ್ಪು ಜನರೇ ನಡೆಸುವ ದಿನಪತ್ರಿಕೆ ಆ ಕಾಲದಲ್ಲಿ ಬಹಳ ಅಪರೂಪ. 1934ರಲ್ಲಿ ಸ್ಕಾಟ್ ಗುಂಡೇಟಿಗೆ ಬಲಿಯಾದರು. ಕೊಲೆಗಾರ ಯಾರೆಂಬುದು ಸಾಬೀತಾಗಲೇ ಇಲ್ಲ. ತಮ್ಮ ಸಿ. ಎ. ಸ್ಕಾಟ್ ಪತ್ರಿಕೆಯನ್ನು ಕೈಗೆತ್ತಿಕೊಂಡು 1997ರವರೆಗೆ ನಡೆಸಿದರು. 1944ರಲ್ಲಿ ಶ್ವೇತಭವನದ ಪತ್ರಿಕಾಗೋಷ್ಠಿಗೆ ಪ್ರವೇಶ ಪಡೆದ ಮೊದಲ ಕಪ್ಪು ವರದಿಗಾರ ಹ್ಯಾರಿ ಮ್ಯಾಕಾಲ್ಪಿನ್ ಹೋದದ್ದು ಈ ಪತ್ರಿಕೆಯ ಪರವಾಗಿಯೇ.

ಈಗ ಬರುವ ಘಟನೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇವತ್ತಿನ ಗೊಂದಲಕ್ಕೆ ಉತ್ತರ ಇರುವುದು ಇಲ್ಲಿ.

1960ರ ಮಾರ್ಚ್ 9ರಂದು ಅಟ್ಲಾಂಟಾದ ಕಪ್ಪು ಕಾಲೇಜುಗಳ ವಿದ್ಯಾರ್ಥಿಗಳು 'ಮಾನವ ಹಕ್ಕುಗಳಿಗಾಗಿ ಮನವಿ' ಎಂಬ ಪೂರ್ತಿ ಪುಟದ ಜಾಹೀರಾತು ಕೊಟ್ಟರು. ಕಾನ್‌ಸ್ಟಿಟ್ಯೂಷನ್, ಜರ್ನಲ್, ಡೈಲಿ ವರ್ಲ್ಡ್, ಮೂರರಲ್ಲೂ. ಶಾಲೆ, ಆಸ್ಪತ್ರೆ, ಹೋಟೆಲ್, ಮತದಾನ, ಪೊಲೀಸ್, ಹೀಗೆ ತಮಗೆ ಎಲ್ಲೆಲ್ಲಿ ಅನ್ಯಾಯವಾಗುತ್ತಿದೆ ಎಂದು ಸಾಲಾಗಿ ಬರೆದಿದ್ದರು. ಇದನ್ನು ಸುದ್ದಿಯಾಗಿ ಹಾಕಿ ಎಂದು ಕೇಳಿದ್ದರೆ ಯಾವ ಮೂಲೆಗೆ ಹೋಗುತ್ತಿತ್ತೋ. ಹಣ ಕೊಟ್ಟು ಪುಟವನ್ನೇ ಕೊಂಡರು. ಆವತ್ತು ಬೆಳಿಗ್ಗೆ ಕಾಫಿ ಕುಡಿಯುತ್ತ ಪುಟ ತಿರುವಿದ ಬಿಳಿಯರ ಮನೆಗಳಲ್ಲಿ, ಇಂಥದ್ದನ್ನು ಓದಬೇಕು ಅಂತ ಯಾವತ್ತೂ ಬಯಸದವರ ಕಣ್ಣಿಗೂ ಅದು ಬಿತ್ತು. 6 ದಿನ ಕಳೆದ ಮೇಲೆ ವಿದ್ಯಾರ್ಥಿಗಳು ಕಪ್ಪು ಜನರಿಗೆ ಊಟ ಬಡಿಸದ ನಗರದ ಕ್ಯಾಂಟೀನುಗಳಲ್ಲಿ ಧರಣಿ ಕೂತರು. ಅಕ್ಟೋಬರ್‌ನಲ್ಲಿ ರಿಚ್ಸ್ ಎಂಬ ದೊಡ್ಡ ಅಂಗಡಿಯ ಧರಣಿಯಲ್ಲಿ ಕಿಂಗ್ ಕೂಡ ಬಂಧನಕ್ಕೊಳಗಾದರು. 1961ರ ಕೊನೆಯ ಹೊತ್ತಿಗೆ ಆ ಕ್ಯಾಂಟೀನುಗಳಲ್ಲಿ ಎಲ್ಲರಿಗೂ ಊಟ ಸಿಗುವಂತಾಯಿತು.

ಇಲ್ಲೊಂದು ತಿರುವು ಇದೆ. ಡೈಲಿ ವರ್ಲ್ಡ್‌ನ ಸಿ. ಎ. ಸ್ಕಾಟ್‌ರಿಗೆ ಧರಣಿಗಳು ಇಷ್ಟವಿರಲಿಲ್ಲ. ಮತ ಹಾಕಿ, ಕೋರ್ಟಿಗೆ ಹೋಗಿ, ಬೀದಿಗಿಳಿಯಬೇಡಿ ಎನ್ನುವುದು ಅವರ ನಿಲುವು. ಸಿಟ್ಟಾದ ಚಳವಳಿಯವರು ಅದೇ ಬೇಸಿಗೆಯಲ್ಲಿ 'ಅಟ್ಲಾಂಟಾ ಇನ್‌ಕ್ವೈರರ್' ಎಂಬ ತಮ್ಮದೇ ವಾರಪತ್ರಿಕೆ ತಂದರು. ಇಂಗ್ಲಿಷ್ ಮೇಷ್ಟ್ರು ಕಾರ್ಲ್ ಹೋಲ್ಮನ್ ಸಂಪಾದಕರು. ಮುಂದೆ ನಾಗರಿಕ ಹಕ್ಕುಗಳ ದೊಡ್ಡ ನಾಯಕರಾದ ಜೂಲಿಯನ್ ಬಾಂಡ್ ಅಲ್ಲಿ ದುಡಿದರು. ಜಾರ್ಜಿಯಾ ವಿಶ್ವವಿದ್ಯಾಲಯಕ್ಕೆ 1961ರಲ್ಲಿ ಕಾಲಿಟ್ಟ ಮೊದಲ ಇಬ್ಬರು ಕಪ್ಪು ವಿದ್ಯಾರ್ಥಿಗಳಲ್ಲಿ ಒಬ್ಬರಾದ ಶಾರ್ಲೇನ್ ಹಂಟರ್ ಕೂಡ ಅಲ್ಲಿ ಬರೆದರು. ಇರುವ ಪತ್ರಿಕೆ ತಮ್ಮ ಮಾತು ಕೇಳದಿದ್ದಾಗ ಇನ್ನೊಂದು ಪತ್ರಿಕೆ ಮಾಡುವುದು ಈ ಊರಿನ ಹಳೇ ಚಾಳಿ.

ಬಿಳಿಯರ ಪತ್ರಿಕೆಯಲ್ಲೂ ಅಷ್ಟು ಹೊತ್ತಿಗೆ ಗಾಳಿ ಬದಲಾಗುತ್ತಿತ್ತು. 1958ರಲ್ಲಿ ಅಟ್ಲಾಂಟಾದ ಯಹೂದಿ ಮಂದಿರದ ಮೇಲೆ ಬಾಂಬ್ ದಾಳಿಯಾದಾಗ, ದ್ವೇಷ ಬಿತ್ತಿದ ನಾಯಕರೇ ಇದಕ್ಕೆ ಹೊಣೆ ಎಂದು ಕಾನ್‌ಸ್ಟಿಟ್ಯೂಷನ್‌ನ ರಾಲ್ಫ್ ಮ್ಯಾಕ್‌ಗಿಲ್ ಬರೆದರು. 1959ರಲ್ಲಿ ಅವರಿಗೆ ಅಮೆರಿಕದ ಪತ್ರಕರ್ತರ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಬಂತು. 1963ರಲ್ಲಿ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ಚರ್ಚಿನಲ್ಲಿ ನಾಲ್ವರು ಕಪ್ಪು ಹುಡುಗಿಯರು ಬಾಂಬಿಗೆ ಬಲಿಯಾದ ಮರುದಿನ ಬಂದ, ಅದೇ ಪತ್ರಿಕೆಯ ಸಂಪಾದಕ ಯೂಜಿನ್ ಪ್ಯಾಟರ್ಸನ್ ಅವರ ಅಂಕಣವನ್ನು ದೇಶವೆಲ್ಲ ನೋಡುವ ಟಿವಿ ವಾರ್ತೆಯಲ್ಲಿ ಓದಿಸಲಾಯಿತು. ಬಹಳ ಓದುಗರು ಇವರಿಬ್ಬರನ್ನೂ ದ್ವೇಷಿಸುತ್ತಿದ್ದರು. ಆದರೂ ಪೇಪರ್ ಬಿಡುತ್ತಿರಲಿಲ್ಲ. ಬಿಟ್ಟರೆ ಫುಟ್‌ಬಾಲ್ ಸ್ಕೋರು, ಸೇಲ್ ಜಾಹೀರಾತು, ಯಾರು ತೀರಿಕೊಂಡರು ಎನ್ನುವ ಸುದ್ದಿ ಎಲ್ಲಿ ಸಿಗಬೇಕು?

ಪೈಪೋಟಿ ಸತ್ತದ್ದು ಇಂಟರ್ನೆಟ್‌ಗಿಂತ ಮೊದಲು

ಎಲ್ಲಕ್ಕೂ ಇಂಟರ್ನೆಟ್ ಕಾರಣ ಎನ್ನುವ ಮಾತನ್ನು ಸ್ವಲ್ಪ ತಿದ್ದಬೇಕು.

1920ರಲ್ಲಿ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ನಿಂತು ಸೋತಿದ್ದ ಒಹಾಯೊದ ಜೇಮ್ಸ್ ಕಾಕ್ಸ್ 1939ರ ಡಿಸೆಂಬರ್‌ನಲ್ಲಿ 'ಜರ್ನಲ್' ಕೊಂಡರು. ಅದರ ಜೊತೆಗೇ ಮೂರನೇ ಪತ್ರಿಕೆ 'ಜಾರ್ಜಿಯನ್' ಕೊಂಡು, ಅದನ್ನು ಮುಚ್ಚಿಬಿಟ್ಟರು. 1950ರಲ್ಲಿ 'ಕಾನ್‌ಸ್ಟಿಟ್ಯೂಷನ್' ಕೂಡ ಅದೇ ಮನೆಯ ಕೈಗೆ ಬಂತು. 1982ರಲ್ಲಿ ಎರಡರ ಸುದ್ದಿಮನೆ ಒಂದಾಯಿತು. ಸಂಜೆ ಟಿವಿ ವಾರ್ತೆ ಬಂದ ಮೇಲೆ ಸಂಜೆ ಪತ್ರಿಕೆ ಯಾರಿಗೂ ಬೇಡವಾಗಿತ್ತು. 2001ರಲ್ಲಿ ಸಂಜೆಯ 'ಜರ್ನಲ್' ನಿಂತು, ಜೋಡಿ ಹೆಸರಿನ ಒಂದೇ ಬೆಳಗಿನ ಪತ್ರಿಕೆ ಉಳಿಯಿತು.

'ಜರ್ನಲ್'ಗೆ ಒಂದು ಚೆಂದದ ಘೋಷಣೆ ಇತ್ತು: ದಕ್ಷಿಣದ ನಾಡಿನ ಮೇಲೆಲ್ಲ ಇಬ್ಬನಿಯ ಹಾಗೆ ಹರಡುತ್ತೇವೆ ಎಂದು. 2000ದ ದಶಕದಲ್ಲಿ ಸಾಗಾಟದ ಖರ್ಚು ತಡೆಯಲಾರದೆ ದೂರದ ಕೌಂಟಿಗಳಿಗೆ (ನಮ್ಮ ಜಿಲ್ಲೆಗಳಂಥವು) ಪೇಪರ್ ಕಳಿಸುವುದನ್ನು ಬಿಟ್ಟರು. ಅಲ್ಲಿನವರಿಗೆ ಪೇಪರ್ ನಿಂತದ್ದು ಈಗಲ್ಲ, ಆವತ್ತೇ.

ಹಣದ ಲೆಕ್ಕ

ಹಳೆಯ ಲೆಕ್ಕ ಹೀಗಿತ್ತು. ಓದುಗ ಕೊಡುವ ಚಂದಾ ಸಣ್ಣ ಪಾಲು. ದೊಡ್ಡ ಪಾಲು ಜಾಹೀರಾತಿನದು: ಬಟ್ಟೆ ಅಂಗಡಿ, ಮನೆ ಮಾರಾಟ, ಕೆಲಸ ಖಾಲಿ ಇದೆ, ಹಳೇ ಕಾರು. ಕಾರು ಮಾರುವವನಿಗೆ ನಗರಸಭೆಯ ಸುದ್ದಿ ಬಂದಿದೆಯೋ ಇಲ್ಲವೋ ಬೇಕಾಗಿರಲಿಲ್ಲ. ಆದರೆ ಅವನ ದುಡ್ಡಿನಲ್ಲೇ ನಗರಸಭೆಗೆ ವರದಿಗಾರ ಹೋಗುತ್ತಿದ್ದ. ಯಾರಿಗೂ ಬೇಡದ, ಎಲ್ಲರಿಗೂ ಬೇಕಾದ ಸುದ್ದಿ ಹೀಗೆ ಪುಕ್ಕಟೆಯಾಗಿ ಬದುಕುತ್ತಿತ್ತು.

ಜಾಹೀರಾತು ಆನ್‌ಲೈನಿಗೆ ಹೋದಾಗ ಈ ಏರ್ಪಾಡು ಮುರಿಯಿತು. ಅಟ್ಲಾಂಟಾದಲ್ಲಿ ಇದಕ್ಕೊಂದು ತಮಾಷೆಯ ಮಗ್ಗುಲೂ ಇದೆ. ಹಳೇ ಕಾರಿನ ಜಾಹೀರಾತು ಪತ್ರಿಕೆ ಬಿಟ್ಟು ಹೋದ ದೊಡ್ಡ ಜಾಗಗಳಲ್ಲಿ 'ಆಟೋಟ್ರೇಡರ್' ಎಂಬ ಸೈಟ್ ಒಂದು. ಅದರ ಒಡೆತನವೂ ಕಾಕ್ಸ್ ಎಂಟರ್‌ಪ್ರೈಸಸ್ ಕಂಪನಿಯದೇ, ಅಂದರೆ ಪತ್ರಿಕೆಯ ಮಾಲೀಕರದೇ. ಮನೆಗೆ ನಷ್ಟವಿಲ್ಲ, ಎಡಗಿಸೆಯಿಂದ ಬಲಗಿಸೆಗೆ ಹೋಯಿತು. ನಷ್ಟವಾದದ್ದು ಎಡಗಿಸೆಯನ್ನು ನಂಬಿಕೊಂಡಿದ್ದ ಸುದ್ದಿಮನೆಗೆ.

ಇನ್ನು ಸಾಗಾಟ. ಒಂದು ಬೀದಿಯಲ್ಲಿ 20 ಮನೆಗೆ ಪೇಪರ್ ಹಾಕುವಾಗ ಆಗುವ ಖರ್ಚಿಗೂ 2 ಮನೆಗೆ ಹಾಕುವಾಗ ಆಗುವ ಖರ್ಚಿಗೂ ಹೆಚ್ಚು ವ್ಯತ್ಯಾಸವಿಲ್ಲ. ಪೆಟ್ರೋಲ್ ಅಷ್ಟೇ, ಹೊತ್ತು ಅಷ್ಟೇ. ಅಟ್ಲಾಂಟಾ ಹತ್ತಾರು ಮೈಲಿ ಚೆಲ್ಲಾಪಿಲ್ಲಿಯಾಗಿ ಬೆಳೆದ ಊರು. ಚಂದಾದಾರರು ಕಡಿಮೆಯಾದಂತೆ ಪ್ರತಿ ಪೇಪರಿನ ಮೇಲೆ ಬೀಳುವ ಹೊರೆ ಏರುತ್ತದೆ. ದರ ಏರಿಸಿದರೆ ಇನ್ನಷ್ಟು ಜನ ಬಿಡುತ್ತಾರೆ. ಈ ಸುಳಿಯಿಂದ ಒಂದು ದಿನ ಹೊರಗೆ ಹಾರಲೇಬೇಕಿತ್ತು.

ಎರಡು ವಾದ

ಆಡಳಿತದ ವಾದ: ಕಾಗದಕ್ಕೆ, ಲಾರಿಗೆ ಹೋಗುವ ಹಣ ಮತ್ತು ಗಮನ ವರದಿಗಾರಿಕೆಗೆ ಹೋಗಲಿ. 2026ರ ಕೊನೆಗೆ 5 ಲಕ್ಷ ಡಿಜಿಟಲ್ ಚಂದಾದಾರರು ಎನ್ನುವುದು ಅವರು ಇಟ್ಟುಕೊಂಡ ಗುರಿ. 75,000ದಿಂದ 5 ಲಕ್ಷ ಎಂದರೆ ಆರು ಪಟ್ಟಿಗೂ ಹೆಚ್ಚು. ಗುರಿ ದೊಡ್ಡದಾಯಿತು ಅಂತ ಹೇಳುವುದಕ್ಕೆ ಪರಿಣತರೇನೂ ಬೇಕಿಲ್ಲ. ಆದರೆ ಮಾಲೀಕರು ಒಂದು ಕುಟುಂಬದ ಖಾಸಗಿ ಕಂಪನಿ. ಪತ್ರಿಕೆ ಕೊಂಡು, ಜನರನ್ನು ತೆಗೆದು, ಕಟ್ಟಡ ಮಾರಿ ಹೋಗುವ ಹೂಡಿಕೆ ಸಂಸ್ಥೆಗಳಿಗಿಂತ ಇವರಿಗೆ ತಾಳ್ಮೆ ಜಾಸ್ತಿ. ಆ ಮಟ್ಟಿಗೆ ಅಟ್ಲಾಂಟಾ ಅದೃಷ್ಟದ ಊರು.

ಎದುರು ವಾದ: ಪೇಪರನ್ನೇ ಓದುತ್ತಿದ್ದ ವಯಸ್ಸಾದವರು, ಇಂಟರ್ನೆಟ್ ಸರಿಯಾಗಿ ಇಲ್ಲದವರು ಕೈತಪ್ಪುತ್ತಾರೆ. ಜೈಲು, ವೃದ್ಧಾಶ್ರಮ, ಗ್ರಂಥಾಲಯದ ಮೇಜಿನ ಮೇಲೆ ಒಂದೇ ಪ್ರತಿಯನ್ನು ಹತ್ತು ಜನ ಓದುತ್ತಿದ್ದರು. ಅವರು ಯಾವ ಚಂದಾದಾರರ ಲೆಕ್ಕದಲ್ಲೂ ಇಲ್ಲ. ಚಂದಾದಾರರ ಲಾಗಿನ್ ಆ ಪ್ರತಿಯ ಹಾಗೆ ಕೈಯಿಂದ ಕೈಗೆ ಹೋಗುವುದಿಲ್ಲ.

ಈ ವಾದ ಸರಿಯೇ, ಆದರೆ ಇದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. 1960ರ ಆ ಜಾಹೀರಾತಿಗೆ ವಾಪಸ್ ಹೋಗೋಣ. ಇವತ್ತು ಅದೇ ವಿದ್ಯಾರ್ಥಿಗಳು ಅದೇ ಮನವಿಯನ್ನು ಆನ್‌ಲೈನಿನಲ್ಲಿ ಹಾಕಿದರೆ ಹೆಚ್ಚಾಗಿ ಯಾರಿಗೆ ಕಾಣುತ್ತದೆ? ಈಗಾಗಲೇ ಒಪ್ಪುವವರಿಗೆ, ಇಲ್ಲವೇ ಜಗಳಕ್ಕೆ ಬರುವವರಿಗೆ. ಸುಮ್ನೆ ಕ್ರೀಡಾಪುಟ ಹುಡುಕುತ್ತ ಹೋಗುವಾಗ ಎದುರಾಗುವವರಿಗೆ ಅಲ್ಲ. ಕೇಳದವರ ಕಣ್ಣಿಗೂ ಬೀಳುವ ಪುಟ ಎನ್ನುವುದು ಮುದ್ರಿತ ಪತ್ರಿಕೆ ಬೇಕೆಂದು ಮಾಡಿದ್ದಲ್ಲ, ಅದರ ಮೈಕಟ್ಟಿನಿಂದ ತಾನಾಗಿ ಬಂದದ್ದು. 1906ರಲ್ಲಿ ಅದೇ ಮೈಕಟ್ಟು ವಿಷವನ್ನೂ ಅಷ್ಟೇ ಚೆನ್ನಾಗಿ ಹಂಚಿತ್ತು ಎನ್ನುವುದೂ ನಿಜ. ಇ-ಪೇಪರ್ ಇದೆಯಲ್ಲ ಎನ್ನಬಹುದು. ಅದನ್ನು ಪುಟದಿಂದ ಪುಟಕ್ಕೆ ತಿರುವುವವರು ಪೇಪರ್ ತಿರುವಿ ಅಭ್ಯಾಸವಿದ್ದವರೇ ಅಲ್ವಾ?

ಮುಂದೆ ಏನಾಗಬಹುದು

ಓದುಗನೇ ನೇರವಾಗಿ ಹಣ ಕೊಡುವಾಗ ಯಾವ ಸುದ್ದಿಗೆ ಚಂದಾ ಬರುತ್ತದೆ ಎಂದು ಪ್ರತಿ ದಿನ ಕಾಣುತ್ತದೆ. ಫುಟ್‌ಬಾಲ್, ಊಟದ ಜಾಗಗಳು, ರಾಜ್ಯ ರಾಜಕೀಯ ಇವಕ್ಕೆ ಬರುತ್ತದೆ. ನಿಧಾನದ ಕೆಲಸಕ್ಕೆ ಬರುವುದು ಕಷ್ಟ. ಅಟ್ಲಾಂಟಾದ ಸರ್ಕಾರಿ ಶಾಲೆಗಳಲ್ಲಿ ಪರೀಕ್ಷೆಯ ಅಂಕಗಳು ಅಸಹಜವಾಗಿ ಏರಿದ್ದನ್ನು ಮೊದಲು ಪತ್ತೆಹಚ್ಚಿದ್ದು ಈ ಪತ್ರಿಕೆಯೇ, ಅದೂ ಅಂಕಿಅಂಶಗಳನ್ನು ಜಾಲಾಡಿ. 2011ರಲ್ಲಿ ರಾಜ್ಯದ ತನಿಖೆ ಈ ಪರೀಕ್ಷಾ ವಂಚನೆಯಲ್ಲಿ 44 ಶಾಲೆಗಳ 178 ಶಿಕ್ಷಕರು, ಅಧಿಕಾರಿಗಳ ಹೆಸರು ಹೊರಗೆಳೆಯಿತು. 2015ರಲ್ಲಿ 11 ಮಂದಿಗೆ ಅಪರಾಧ ಸಾಬೀತಾಯಿತು. ಶುರುವಿನಿಂದ ಕೊನೆಯವರೆಗೆ ಆರೇಳು ವರ್ಷ. ಇಂಥ ಕೆಲಸಕ್ಕೆ ಜಾಗ ಉಳಿದಿದೆಯೇ ಎನ್ನುವುದೇ ಪತ್ರಿಕೆಯ ಹೊಸ ಬದುಕನ್ನು ಅಳೆಯುವ ಕೋಲು. 5 ಲಕ್ಷದ ಗುರಿ ಮುಟ್ಟಿತೇ ಎನ್ನುವುದಲ್ಲ.

ತಮ್ಮದೇ ಪತ್ರಿಕೆ ಮಾಡಿಕೊಳ್ಳುವ ಹಳೇ ಚಾಳಿ ಮತ್ತೆ ಶುರುವಾಗಿದೆ ಎಂಬುದಕ್ಕೂ ಗುರುತುಗಳಿವೆ. ಕಪ್ಪು ಸಮುದಾಯದ ಸುದ್ದಿಗೆಂದೇ 2022ರಲ್ಲಿ ಬಂದ 'ಕ್ಯಾಪಿಟಲ್ ಬಿ' ಎಂಬ ಲಾಭರಹಿತ ಸಂಸ್ಥೆ ತನ್ನ ಮೊದಲ ಸ್ಥಳೀಯ ಸುದ್ದಿಮನೆಯನ್ನು ತೆರೆದದ್ದು ಅಟ್ಲಾಂಟಾದಲ್ಲಿ. 1966ರಲ್ಲಿ ಹುಟ್ಟಿದ 'ಅಟ್ಲಾಂಟಾ ವಾಯ್ಸ್' ಇದೆ. ಬಡಾವಣೆಗಳಿಗೆ ಸೀಮಿತವಾದ ಸಣ್ಣ ಸೈಟುಗಳಿವೆ. ಒಂದೊಂದೂ ಒಂದೊಂದು ಓಣಿಗೆ ಬೆಳಕು ಹಿಡಿಯುತ್ತದೆ. ಆದರೆ ಓಣಿಗಳ ನಡುವಿನ ಜಾಗ?

ಅಲ್ಲಿನ ಕನ್ನಡಿಗರಿಗೂ ಈ ಪ್ರಶ್ನೆ ಹೊರಗಿನದಲ್ಲ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ 'ಅಕ್ಕ'ದ 2012ರ ವಿಶ್ವ ಕನ್ನಡ ಸಮ್ಮೇಳನ ನಡೆದದ್ದು ಅಟ್ಲಾಂಟಾದಲ್ಲೇ. ಅಲ್ಲಿ ನೃಪತುಂಗ ಕನ್ನಡ ಕೂಟವಿದೆ. ಭಾರತೀಯರು ಹೆಚ್ಚಾಗಿ ನೆಲೆಸಿರುವುದು ಜಾನ್ಸ್ ಕ್ರೀಕ್, ಆಲ್ಫರೆಟಾ, ಫೋರ್ಸೈತ್ ಕೌಂಟಿಯಂಥ ಉತ್ತರದ ಉಪನಗರಗಳಲ್ಲಿ. ಇದೇ ಫೋರ್ಸೈತ್‌ನಿಂದ 1912ರಲ್ಲಿ ಕಪ್ಪು ಜನರನ್ನೆಲ್ಲ ಹೊಡೆದೋಡಿಸಲಾಗಿತ್ತು. ಹೊಸದಾಗಿ ಬಂದವರಿಗೆ ಶಾಲೆಗಳ ಗಡಿ ಬದಲಾವಣೆ, ಮನೆ ತೆರಿಗೆಯ ಸುದ್ದಿ ಸಿಗುವುದು ಈಗ ಹೆಚ್ಚಾಗಿ ವಾಟ್ಸ್ಯಾಪ್ ಗುಂಪುಗಳಲ್ಲಿ. ತಾವಿರುವ ನೆಲದ ಹಿಂದಿನ ಕಥೆ ಆ ಗುಂಪಿಗೆ ಬರುವುದು ಕಡಿಮೆ.

ಕಾಗದ ಬಿಡದ ಕಾನೂನು

ಕೊನೆಯದಾಗಿ ಒಂದು ಗೊಂದಲ. ಪೇಪರ್ ನಿಂತರೆ ಕಾನೂನಿನ ನೋಟಿಸುಗಳ ಗತಿ ಏನು ಎಂದು ಕೆಲವರು ಕೇಳುತ್ತಾರೆ. ಜಾರ್ಜಿಯಾದಲ್ಲಿ ಪ್ರತಿ ಕೌಂಟಿಗೂ ಅಧಿಕೃತ ನೋಟಿಸು ಪ್ರಕಟಿಸಲು ಗೊತ್ತುಮಾಡಿದ ಒಂದು ಪತ್ರಿಕೆ ಇರುತ್ತದೆ. ಅಟ್ಲಾಂಟಾದ ಬಹುಭಾಗ ಇರುವ ಫುಲ್ಟನ್ ಕೌಂಟಿಗೆ ಅದು ಜರ್ನಲ್-ಕಾನ್‌ಸ್ಟಿಟ್ಯೂಷನ್ ಅಲ್ಲ, ವಕೀಲರು ಓದುವ 'ಡೈಲಿ ರಿಪೋರ್ಟ್'. ಹಾಗಾಗಿ ಅದಕ್ಕೇನೂ ಅಡ್ಡಿಯಾಗಿಲ್ಲ. ಸಾಲದ ಕಂತು ಕಟ್ಟಲಾಗದವರ ಮನೆಯ ಹರಾಜಿಗೆ ಮೊದಲು ನಾಲ್ಕು ವಾರ ಜಾಹೀರಾತು ಕೊಡಬೇಕು. ಆಮೇಲೆ ತಿಂಗಳ ಮೊದಲ ಮಂಗಳವಾರ ಕೌಂಟಿ ಕೋರ್ಟಿನ ಮೆಟ್ಟಿಲ ಬಳಿ ಹರಾಜು ಕೂಗುತ್ತಾರೆ. ಅದು ಮೊದಲಿನ ಹಾಗೇ ನಡೆಯುತ್ತಿದೆ.